ತಂಪಿಗಿಟ್ಟ ಕೆಂಪು

ಮನೆಅಳಿಯನಾಗಿ ಹೋದವನಿಗೆ ಊಟಕ್ಕೆ ಕಡಿಮೆಯಿಲ್ಲ, ಹಾಸಿಗೆಗೆ ಕಡಿಮೆಯಿಲ್ಲ, ಬುದ್ಧಿಮಾತಿಗಂತೂ ಕಡಿಮೆಯೇ ಇಲ್ಲ. ಆದರೆ ಗೋಡೆಗೊಂದು ಮೊಳೆ ಹೊಡೆಯಬೇಕಾದರೆ ಮೂರು ಜನರ ಅಪ್ಪಣೆ ಬೇಕು. ನಮ್ಮ ಈ ಅಳಿಯ ಊರಿನ ಅರ್ಧ ಜನರ ಮೂಗಿನ ಮೇಲೆ ಕನ್ನಡಕ ಕೂರಿಸಿದ ಮನುಷ್ಯ. ಅಂಗಡಿಯಲ್ಲಿ ಅವನ ಮಾತೇ ಮಾತು. "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?" ಎಂದು ಅವನು ಗಾಜು ಬದಲಾಯಿಸುತ್ತಾ ಕೇಳಿದರೆ ದೊಡ್ಡ ದೊಡ್ಡ ಅಧಿಕಾರಿಗಳೂ ಶಾಲೆಯ ಮಕ್ಕಳ ಹಾಗೆ ಉತ್ತರ ಕೊಡುತ್ತಿದ್ದರು. ಸಂಜೆ ಮನೆಗೆ ಬಂದರೆ ಮಾತ್ರ ಒದ್ದೆ ಕೊಡೆಯನ್ನು ಎಲ್ಲಿ ಇಡಬೇಕೆಂಬುದನ್ನೂ ಇನ್ನೊಬ್ಬರೇ ಹೇಳಬೇಕು.

ಆ ಮನೆಯ ಕಟ್ಟುಕಟ್ಟಳೆಗಳನ್ನೆಲ್ಲ ಮಾಡಿಟ್ಟುಹೋದವರು ಮಾವ. ಅವರು ದೊಡ್ಡ ಹೋಟೆಲೊಂದರಲ್ಲಿ ನಲವತ್ತು ವರ್ಷ ಬಡಿಸುವವರ ಮುಖ್ಯಸ್ಥರಾಗಿದ್ದವರು. ಗಂಜಿ ಹಾಕಿದ ಬಟ್ಟೆಯ ವಾಸನೆ, ಕನ್ನಡಿಯಂತೆ ಹೊಳೆಯುವ ಬೂಟು, ಯಾವುದೇ ಕೋಣೆಗೆ ಕಾಲಿಡುವ ಮುಂಚೆ ಎರಡು ಸಲ ಸಣ್ಣ ಕೆಮ್ಮು. ನಿವೃತ್ತರಾದ ಮೇಲೂ ಭಾನುವಾರದ ಊಟಕ್ಕೆ ವೈನು ಆರಿಸುವವರು ಅವರೇ, ಬಿರಡೆ ತೆಗೆಯುವವರು ಅವರೇ, ಬಡಿಸುವವರೂ ಅವರೇ. ಮದುವೆಗೆ ಮುಂಚೆ ಅಳಿಯ ಮೊದಲ ಸಲ ಈ ಮನೆಗೆ ಊಟಕ್ಕೆ ಬಂದಾಗ, ಕಪಾಟಿನ ಮೇಲೆ ನಿಂತಿದ್ದ ಕೆಂಪು ವೈನಿನ ಬಾಟಲಿ ನೋಡಿ, "ಸೆಕೆ ಜಾಸ್ತಿ ಇದೆ, ಇದನ್ನ ಸ್ವಲ್ಪ ಫ್ರಿಜ್ಜಲ್ಲಿಟ್ಟಿದ್ರೆ ಚೆನ್ನಾಗಿರ್ತಿತ್ತೇನೋ" ಎಂದುಬಿಟ್ಟಿದ್ದ. ಮಾವ ಬಹಳ ಮೆತ್ತಗೆ ಹೇಳಿದರು: "ಕೆಂಪು ವೈನಿಗೆ ಫ್ರಿಜ್ಜಿನ ಬಾಗಿಲು ತೋರಿಸಿದವರಿಗೆ ನಾನು ಈ ಮನೆ ಬಾಗಿಲು ತೋರಿಸಬೇಕಾಗುತ್ತೆ."

(ಇಷ್ಟಾದ ಮೇಲೂ ಮಗಳನ್ನು ಕೊಟ್ಟರಲ್ಲ, ಅದು ಅವರ ದೊಡ್ಡತನ. ಅಳಿಯನೂ ಸಣ್ಣವನಲ್ಲ. ಅಂದಿನಿಂದ ಹತ್ತು ವರ್ಷ ಆ ಮನೆಯಲ್ಲಿ ವೈನಿಗೆ ತುಟಿ ತಾಗಿಸಲಿಲ್ಲ. ಹೊಟ್ಟೆಯಲ್ಲಿ ಹುಣ್ಣು ಎಂದು ಸುಳ್ಳು ಹೇಳಿ, ಆ ಹುಣ್ಣಿಗೆ ಅತ್ತೆ ಕೊಟ್ಟ ಕಹಿ ಔಷಧಿಯನ್ನೆಲ್ಲ ಕುಡಿದ.)

ಮಾವ ತೀರಿಕೊಂಡು ಒಂದು ವರ್ಷವಾಯಿತು. ಆಗಲೇ ಅಳಿಯ, ಹೆಂಡತಿ ಇಬ್ಬರೂ ಅತ್ತೆಗೆ ಜೊತೆಯಾಗಿರಲೆಂದು ಈ ಮನೆಗೆ ಬಂದದ್ದು. ಆ ಇಡೀ ವರ್ಷ ಮನೆಯಲ್ಲಿ ಒಂದು ಬಿರಡೆಯೂ ಬಿಚ್ಚಲಿಲ್ಲ. ಕಳೆದ ವಾರ ಅತ್ತೆ ಎಲ್ಲರೆದುರು ಸಾರಿದರು: "ಬರೋ ಭಾನುವಾರ ಬಾಟಲಿ ತೆಗೆಯೋಣ. ಅಳಿಯಂದಿರೇ ಆರಿಸಲಿ, ಅವರೇ ಬಡಿಸಲಿ. ಸರಿಹೋದ್ರೆ ಇನ್ಮೇಲೆ ಆ ಕೆಲಸ ಅವರದೇ."

ಭಾವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಭಾವ ಎಂದರೆ ಹೆಂಡತಿಯ ಅಣ್ಣ. ರೈಲಿನ ಇಂಜಿನ್ ಓಡಿಸುವವನು, ಮನೆಯಲ್ಲೂ ತನ್ನ ದಾರಿಗೆ ಯಾರೂ ಅಡ್ಡ ಬರಬಾರದೆಂದು ತಿಳಿದವನು. ಅಳಿಯನಿಗೋ ಕಣ್ಣಲ್ಲಿ ನೀರೇ ಬಂತು. ಹನ್ನೊಂದು ವರ್ಷದಲ್ಲಿ ಆ ಮನೆ ತನ್ನ ಕೈಗೆ ಕೊಟ್ಟ ಮೊದಲ ಅಧಿಕಾರ ಅದು. ಈ ಒಂದು ಊಟ ಗೆದ್ದರೆ ಅವನು ಅತಿಥಿಯಲ್ಲ, ಮನೆಯವನು.

ಗೆಲ್ಲುವ ಉಪಾಯ ಹೇಳಿಕೊಟ್ಟವಳು ವೈನಂಗಡಿಯಾಕೆ. ಗಂಟಲು ಒರಟು, ಮಾತು ಚುಟುಕು.

"ಊಟಕ್ಕೇನು?"

"ಕೋಳಿ. ಜೊತೆಗೆ ಸ್ವಲ್ಪ ಮೀನು. ಸೆಕೆಯಂತೂ ಕೇಳಬೇಡಿ."

"ಹಾಗಾದ್ರೆ ಕಪ್ಪಗಿರೋ ಕೆಂಪು ಬೇಡ. ಅದನ್ನ ತಣ್ಣಗೆ ಮಾಡಿದ್ರೆ ನಾಲಿಗೆ ಮೇಲೆ ಬರೀ ಒಗರು. ತೆಳು ಸಿಪ್ಪೆಯ ದ್ರಾಕ್ಷಿದು ತಗೊಳ್ಳಿ, ಹಗುರದ್ದು. ಅದು ತಂಪಾದಷ್ಟೂ ಹಣ್ಣಿನ ರುಚಿ ಎದ್ದು ಬರುತ್ತೆ."

"ಹಗುರ ಅಂತ ಗೊತ್ತಾಗೋದು ಹೇಗೆ?"

ಆಕೆ ಎರಡು ಗ್ಲಾಸಿಗೆ ಒಂದೊಂದು ಗುಟುಕು ಸುರಿದು, ಹಿಂದೆ ದಿನಪತ್ರಿಕೆ ಹಿಡಿದಳು. ಒಂದು ಗ್ಲಾಸಿನ ಮೂಲಕ ದಪ್ಪಕ್ಷರದ ತಲೆಬರಹವೂ ಕಾಣಲಿಲ್ಲ. ಇನ್ನೊಂದರ ಮೂಲಕ ಸಣ್ಣಕ್ಷರದ ಮದುವೆ ಜಾಹೀರಾತು ಕೂಡ ಸಲೀಸಾಗಿ ಓದಬಹುದಿತ್ತು. "ಯಾವುದರಲ್ಲಿ ಚೆನ್ನಾಗಿ ಕಾಣುತ್ತೆ? ಇದರಲ್ಲಾ, ಅದರಲ್ಲಾ?" ಎಂದಳು.

ಬದುಕಿನಲ್ಲಿ ಮೊದಲ ಸಲ ಆ ಪ್ರಶ್ನೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ ಅಳಿಯ ಅಲ್ಲೇ ಸೋತುಹೋದ. ಓದಲು ಬರುವ ವೈನನ್ನೇ ಎರಡು ಬಾಟಲಿ ಕಟ್ಟಿಸಿಕೊಂಡ.

"ಅರ್ಧ ಗಂಟೆ ಫ್ರಿಜ್ಜು, ಅಷ್ಟೇ," ಎಂದು ಆಕೆ ಬೆರಳೆತ್ತಿ ಎಚ್ಚರಿಸಿದಳು. "ಐಸು ಹಾಕಿದ್ರೆ ನೀರಾಗುತ್ತೆ. ಜಾಸ್ತಿ ಹೊತ್ತು ಬಿಟ್ರೆ ಪರಿಮಳ ಸತ್ತುಹೋಗುತ್ತೆ. ಹೊರಗೆ ತೆಗೆದಾಗ ಬಾಟಲಿ ಮೈ ಬೆವರಿತು ಅಂದ್ರೆ ಆಯ್ತು, ಮತ್ತೆ ಒಳಗಿಡಬೇಡಿ."

ದಾರಿಯುದ್ದಕ್ಕೂ ಅಳಿಯನ ಮನಸ್ಸಿನಲ್ಲಿ ಒಂದೇ ಮಂಡಿಗೆ. ಅಂದು ಮಾವ ಬಾಯಿ ಮುಚ್ಚಿಸಿದ್ದ ಅದೇ ಮಾತನ್ನು ಅದೇ ಊಟದ ಕೋಣೆಯಲ್ಲಿ ಸತ್ಯವೆಂದು ಸಾಬೀತು ಮಾಡಬೇಕು. ಅತ್ತೆಗೆ ಮೊದಲೇ ಹೇಳುವುದಿಲ್ಲ. ಕುಡಿದು, ಕಣ್ಣರಳಿಸಿ, "ಇದೇನು ಮಾಯೆ!" ಎನ್ನಬೇಕು, ಆಗ ಹೇಳುವುದು.

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಎರಡೂ ಬಾಟಲಿಗಳನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಫ್ರಿಜ್ಜಿನ ಹತ್ತಿರ ಹೋದ. ಆ ಮನೆಯ ಫ್ರಿಜ್ಜು ಅಡುಗೆಮನೆಯಲ್ಲಿಲ್ಲ. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಕಿಟಕಿಯಿಲ್ಲದ ಒಂದು ಇಕ್ಕಟ್ಟು ಹಾದಿಯಿದೆ, ಅಲ್ಲಿದೆ. ಹಾದಿಯ ಬಲ್ಬು ಸುಟ್ಟು ತಿಂಗಳಾಗಿತ್ತು. ನಡುಹಗಲಲ್ಲೂ ಅಲ್ಲಿ ಬೆಳಕೆಂದರೆ ಫ್ರಿಜ್ಜು ತೆಗೆದಾಗ ಬರುವ ಹಳದಿ ಬೆಳಕೊಂದೇ. ಬಾಟಲಿಗಳನ್ನು ಮಲಗಿಸಿ ಬಾಗಿಲು ಹಾಕಿದ. ಬೆನ್ನ ಹಿಂದೆ ಯಾರೋ ನಿಂತು ನೋಡಿದಂತಾಯಿತು. ತಿರುಗಿದರೆ ಗೋಡೆ.

ಹನ್ನೊಂದೂವರೆಗೆ ಬಂದು ಬಾಗಿಲು ತೆಗೆದ. ಮೊಸರಿದೆ, ಮೊಟ್ಟೆಯಿದೆ, ಬಾಟಲಿ ಇಲ್ಲ.

ಊಟದ ಕೋಣೆಗೆ ಇಣುಕಿದ. ಗಿಡ್ಡ ಕಪಾಟಿನ ಮೇಲೆ, ಮಾವನ ಬಾಟಲಿ ಯಾವಾಗಲೂ ಇರುತ್ತಿದ್ದ ಜಾಗದಲ್ಲಿ, ಎರಡು ಬಾಟಲಿಗಳೂ ನೆಟ್ಟಗೆ ನಿಂತಿದ್ದವು. ಮೈ ಒರೆಸಿ ಶುಭ್ರ. ಕುತ್ತಿಗೆಗೆ ಬಿಳಿ ನ್ಯಾಪ್ಕಿನ್ನು, ಮೂರು ಮಡಿಕೆ, ತುದಿ ಎಡಕ್ಕೆ. ಆ ಕಟ್ಟು ಕಟ್ಟುತ್ತಿದ್ದವರು ಆ ಮನೆಯಲ್ಲಿ ಒಬ್ಬರೇ.

ಅಳಿಯ ಅಡುಗೆಮನೆಗೆ ಓಡಿದ.

ಹೆಂಡತಿ ಒಲೆಯ ಮುಂದಿದ್ದಳು. ಆಕೆ ನ್ಯಾಯಾಲಯದಲ್ಲಿ ಶೀಘ್ರಲಿಪಿ ಬರೆಯುವವಳು. ಆಡಿದ ಮಾತು ಯಾವುದನ್ನೂ ಮರೆಯುವವಳಲ್ಲ. (ಗಂಡನಾದವನು ಇದಕ್ಕಿಂತ ಅಪಾಯದ ಕೆಲಸದವಳನ್ನು ಕಟ್ಟಿಕೊಳ್ಳಲಾರ.)

"ನೀನು ಫ್ರಿಜ್ಜಿನಿಂದ ಏನಾದ್ರೂ ತೆಗೆದೆಯೇನೇ?"

"ಎರಡು ಟೊಮೇಟೊ, ಹತ್ತೂ ಇಪ್ಪತ್ತಕ್ಕೆ. ಯಾಕೆ?"

"ಬಾಟಲಿ?"

"ಯಾವ ಬಾಟಲಿ? ಫ್ರಿಜ್ಜಲ್ಲಿ ನಿಮ್ಮ ಬಾಟಲಿಗೇನು ಕೆಲಸ?" ಸೌಟು ಅಲ್ಲೇ ನಿಂತಿತು. "ರೀ! ತಣ್ಣಗೆ ಮಾಡೋಕೆ ಹೋದ್ರಾ? ಅಪ್ಪ ಅವತ್ತು ಏನಂದ್ರು ಗೊತ್ತಿದೆ ತಾನೇ? ಬೇಕಾದ್ರೆ ಅಕ್ಷರ ಬಿಡದೆ ಹೇಳ್ತೀನಿ."

"ಬೇಡ ಮಾರಾಯ್ತಿ. ಬಾಟಲಿ ತಾನಾಗೇ ಹೊರಗೆ ಬಂದಿದೆ. ನ್ಯಾಪ್ಕಿನ್ನು ಕಟ್ಕೊಂಡು."

ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ," ಎಂದು ತೀರ್ಪು ಕೊಟ್ಟು ಕೋಳಿಯ ಕಡೆ ತಿರುಗಿದಳು.

ಅಳಿಯ ಧೈರ್ಯ ತಂದುಕೊಂಡ. ಕಣ್ಣಿನ ವ್ಯವಹಾರ ಮಾಡುವವನು ಕಣ್ಣಿಗೆ ಕಂಡದ್ದಕ್ಕೆಲ್ಲ ಹೆದರಿದರೆ ಅಂಗಡಿ ಮುಚ್ಚಬೇಕಾಗುತ್ತದೆ. ತಾನೇ ಮರೆತು ಅಲ್ಲಿಟ್ಟಿರಬಹುದು ಎಂದು ತನಗೆ ತಾನೇ ಹೇಳಿಕೊಂಡು, ನ್ಯಾಪ್ಕಿನ್ನು ಬಿಚ್ಚಿ, ಬಾಟಲಿಗಳನ್ನು ಮತ್ತೆ ಒಳಗಿಟ್ಟ. ಈ ಸಲ ಮೊಸರಿನ ಪಾತ್ರೆಯ ಹಿಂದೆ, ಸೊಪ್ಪಿನ ಕಟ್ಟಿನ ಕೆಳಗೆ.

ಹನ್ನೆರಡಕ್ಕೆ ಬಂದು ನೋಡಿದರೆ ಸೊಪ್ಪಿನ ಕಟ್ಟು ನೀಟಾಗಿ ಪಕ್ಕಕ್ಕೆ ಸರಿದಿತ್ತು. ಬಾಟಲಿಗಳು ಕಪಾಟಿನ ಮೇಲೆ. ಮೂರು ಮಡಿಕೆ, ತುದಿ ಎಡಕ್ಕೆ. ನೆಲದ ಮೇಲೆ ಫ್ರಿಜ್ಜಿನಿಂದ ಕಪಾಟಿನವರೆಗೆ ಹೆಜ್ಜೆಗೊಂದರಂತೆ ನೀರಿನ ಹನಿ. ಹನಿಗಳ ಪಕ್ಕದಲ್ಲಿ ಹೆಜ್ಜೆಗುರುತು ಮಾತ್ರ ಇರಲಿಲ್ಲ.

ಹೊರಗೆ ಬೀದಿಯಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಪರದೆಗಳು ಅಲುಗದೆ ಜೋತುಬಿದ್ದಿದ್ದವು. ಆ ಸುಡು ಬಿಸಿಲಿನಲ್ಲಿ ಆ ಒಂದು ಹಾದಿ ಮಾತ್ರ ಬಾವಿಯೊಳಗಿನಷ್ಟು ತಣ್ಣಗಿತ್ತು. ಅಳಿಯ ಮೂಗೆಳೆದ. ಗಂಜಿ ಹಾಕಿದ ಬಟ್ಟೆಯ ವಾಸನೆ.

ಆದರೂ ಹಟ ಬಿಡಲಿಲ್ಲ. ಇವತ್ತು ಸೋತರೆ ಜೀವಮಾನವಿಡೀ ಕೊಡೆ ಇಡುವ ಜಾಗಕ್ಕೂ ಅಪ್ಪಣೆ ಕೇಳಬೇಕು. ಬಾಟಲಿಗಳನ್ನು ಮೂರನೇ ಸಲ ಒಳಗಿಟ್ಟ. ಪರದೆಯ ಹಗ್ಗ ಬಿಚ್ಚಿ ತಂದು ಫ್ರಿಜ್ಜಿಗೆ ಎರಡು ಸುತ್ತು ಸುತ್ತಿ ಏಳು ಗಂಟು ಹಾಕಿದ. ಕೂದಲೆಳೆಯಷ್ಟು ಸಣ್ಣ ತಿರುಪು ತಿರುಗಿಸುವ ಕೈ ಅದು. ಆ ಗಂಟನ್ನು ಅವನೇ ಬಿಚ್ಚಬೇಕು. ಎದುರಿಗೆ ಕುರ್ಚಿ ಹಾಕಿಕೊಂಡು ಕಣ್ಣು ಮಿಟುಕಿಸದೆ ಕೂತ. ಹೆಂಡತಿ ಮಹಡಿ ಹತ್ತಿ ಹೋದದ್ದು ಕೇಳಿಸಿತು. ಅತ್ತೆಗೆ ತಲೆ ಬಾಚಲು ಹೋಗಿದ್ದಳು. ಅವರಿಬ್ಬರ ಮಾತು ಮೇಲಿನಿಂದ ಸಣ್ಣಗೆ ಬರುತ್ತಲೇ ಇತ್ತು. ಭಾವ ಇನ್ನೂ ಬಂದಿರಲಿಲ್ಲ. ಕೆಳಗಿದ್ದವನು ಅಳಿಯನೊಬ್ಬನೇ.

ಹನ್ನೆರಡೂಕಾಲು, ಹನ್ನೆರಡೂ ಇಪ್ಪತ್ತು. ಫ್ರಿಜ್ಜು ಗುರ್ರೆಂದು ನಡುಗಿ ಸುಮ್ಮನಾಯಿತು.

"ರೀ, ಕೋಳಿ ಸೀದುಹೋಗುತ್ತೆ, ಸ್ವಲ್ಪ ಒಲೆ ಸಣ್ಣ ಮಾಡಿ!" ಎಂದು ಮೇಲಿನಿಂದ ಹೆಂಡತಿ ಕೂಗಿದಳು.

ಎದ್ದು ಅಡುಗೆಮನೆಗೆ ಹೋಗಿ ಒಲೆ ಸಣ್ಣ ಮಾಡಿದ. ಎಷ್ಟು ಹೊತ್ತು ಹಿಡಿಯುತ್ತದೆ ಅದಕ್ಕೆ? ಅಷ್ಟರಲ್ಲಿ ಹಾದಿಯಲ್ಲಿ ಬೂಟು ಕಿರ್ ಎಂದಿತು. ಆಮೇಲೆ ಕೆಮ್ಮು. ಸಣ್ಣಗೆ, ಎರಡು ಸಲ.

ಅಳಿಯ ಗೋಡೆ ಹಿಡಿದುಕೊಂಡು ಬಂದ. ಹಗ್ಗ ಕಟ್ಟಿದಂತೆಯೇ ಇತ್ತು. ಗಂಟು ಎಣಿಸಿದ, ಏಳು. ಊಟದ ಕೋಣೆಯತ್ತ ನೋಡಬಾರದೆಂದುಕೊಂಡರೂ ಕತ್ತು ತಾನಾಗಿಯೇ ತಿರುಗಿತು. ಕಪಾಟಿನ ಮೇಲೆ ಎರಡು ಬಾಟಲಿ. ಮೂರು ಮಡಿಕೆ, ತುದಿ ಎಡಕ್ಕೆ. ಗಡಿಯಾರ ಆಗ ತಾನೇ ಹನ್ನೆರಡೂವರೆ ಹೊಡೆಯಿತು.

ಅಳಿಯನ ಹಟವೆಲ್ಲ ಜರ್ರನೆ ಇಳಿದುಹೋಯಿತು. ಕಪಾಟಿನ ಮುಂದೆ ಎರಡೂ ಕೈ ಮುಗಿದ.

"ಮಾವಾ, ತಪ್ಪಾಯ್ತು," ಎಂದು ತೊದಲಿದ. "ಇನ್ನು ಜನ್ಮದಲ್ಲಿ ಕೆಂಪು ವೈನನ್ನ ಫ್ರಿಜ್ಜಿನ ಹತ್ರ ಸುಳಿಸಲ್ಲ. ನಿಮ್ಮ ಪದ್ಧತಿ ನಿಮ್ಮ ಪದ್ಧತೀನೇ. ಮನೆ ಬಾಗಿಲು ಮಾತ್ರ ತೋರಿಸಬೇಡಿ. ನನ್ನ ಹಳೇ ಬಾಡಿಗೆ ಮನೇನೂ ಬಿಟ್ಟುಕೊಟ್ಟಾಗಿದೆ."

ಬರೀ ಮಾತಿನಿಂದ ಮಾವನವರ ಸಿಟ್ಟು ಇಳಿಯುವಂತೆ ಕಾಣಲಿಲ್ಲ. ಬಾಟಲಿ ಮುಟ್ಟಿದರೆ ಇನ್ನೂ ತಣ್ಣಗಿತ್ತು. ಅಪರಾಧದ ಗುರುತೇ ಉಳಿಯಬಾರದೆಂದು ಎರಡನ್ನೂ ಬಿಸಿನೀರಿನ ಬಕೆಟ್ಟಿನಲ್ಲಿ ಅದ್ದಿ, ಒರೆಸಿ, ತನ್ನ ಉಣ್ಣೆಯ ಮಫ್ಲರು ಸುತ್ತಿ, ಬಿಸಿಲು ಬೀಳುವ ಕಿಟಕಿಯಲ್ಲಿ ನಿಲ್ಲಿಸಿದ. ಊಟದ ಹೊತ್ತಿಗೆ ಅವು ಹಾಲುಗೂಸಿನ ಸೀಸೆಯಷ್ಟು ಬೆಚ್ಚಗಾಗಿದ್ದವು.

ಒಂದಕ್ಕೆ ಊಟಕ್ಕೆ ಕೂತರು. ಆ ಹೊತ್ತಿಗೆ ಬಂದಿದ್ದ ಭಾವ ಎದೆಯ ಮೇಲೆ ಕೈಕಟ್ಟಿ, ಸಿಗ್ನಲ್ಲಿಗೆ ಕಾಯುವವನ ಹಾಗೆ ಕೂತಿದ್ದ. ಅಳಿಯ ಬಿರಡೆ ತೆಗೆದ. ಮೊದಲು ಅತ್ತೆಗೆ, ಆಮೇಲೆ ಭಾವನಿಗೆ, ಹೆಂಡತಿಗೆ ಬಡಿಸಿದ.

ಅತ್ತೆ ಒಂದು ಗುಟುಕು ಕುಡಿದರು. ನುಂಗಬೇಕೋ ಉಗಿಯಬೇಕೋ ತಿಳಿಯದೆ ಸ್ವಲ್ಪ ಹೊತ್ತು ಕೆನ್ನೆ ಉಬ್ಬಿಸಿಕೊಂಡೇ ಇದ್ದರು.

"ಅಳಿಯಂದಿರೇ, ಇದನ್ನೇನು ಒಲೆ ಮೇಲೆ ಇಟ್ಟಿದ್ರಾ?"

"ಕಷಾಯ!" ಎಂದ ಭಾವ, ಮುಖವರಳಿಸಿ. "ನೆಗಡಿಗೆ ಒಳ್ಳೇದು."

"ಅತ್ತೆ, ಮಾವನವರ ಪದ್ಧತಿ..."

"ಯಾವ ಪದ್ಧತಿ? ಅವರು ಒಂದು ದಿನವಾದ್ರೂ ಇಂಥಾದ್ದು ಬಡಿಸಿದ್ರೆ ಹೇಳಿ. ಮನೇಲಿ ಅವರು ತರ್ತಿದ್ದದ್ದೇ ಹಗುರದ್ದು, ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟೇ ಬಡಿಸ್ತಿದ್ದದ್ದು. ನಲವತ್ತು ವರ್ಷ!"

ಮಗ, ಮಗಳು ಇಬ್ಬರೂ ಬಾಯಿ ತೆರೆದರು. "ಅಮ್ಮಾ, ನಾವು ಅಪ್ಪನ ಕೈಗುಣ ಅಂದ್ಕೊಂಡಿದ್ವಿ," ಎಂದಳು ಮಗಳು.

"ಫ್ರಿಜ್ಜಿನ ಗುಣ. ಹೋಟೆಲಲ್ಲಿ ಎಲ್ಲರಿಗೂ ಕೆಂಪು ತಣ್ಣಗೆ ಮಾಡಬಾರದು ಅಂತ ಪಾಠ ಹೇಳಿ ಹೇಳಿ, ಮನೇಲಿ ತಣ್ಣಗೆ ಕುಡಿದ್ರೆ ಮರ್ಯಾದೆ ಏನಾಗುತ್ತೆ? ಅದಕ್ಕೆ ಕದ್ದು ಇಡ್ತಿದ್ರು. ಅರ್ಧ ಗಂಟೆ ಆದ ತಕ್ಷಣ ತೆಗೆದು, ಬೆವರು ಒರೆಸಿ, ಯಾರಿಗೂ ತಂಪು ಗೊತ್ತಾಗದ ಹಾಗೆ ನ್ಯಾಪ್ಕಿನ್ನು ಕಟ್ಟಿ ಕಪಾಟಿನ ಮೇಲಿಡೋದು ನನ್ನ ಕೆಲಸ. ಕಟ್ಟೋದನ್ನ ಅವರೇ ಕಲಿಸಿದ್ದು. ಇವತ್ತು ಮೊಸರಿಗೆ ಅಂತ ಬಾಗಿಲು ತೆಗೆದ್ರೆ ನಿಮ್ಮ ಬಾಟಲಿ! ನಂಗೆಷ್ಟು ಸಂತೋಷ ಆಯ್ತು ಗೊತ್ತಾ? ನಮ್ಮ ಅಳಿಯಂದಿರಿಗೆ ಗುಟ್ಟು ತಾನಾಗೇ ತಿಳೀತಲ್ಲ ಅಂತ. ಕೈ ಅದರಷ್ಟಕ್ಕೆ ಅದು ತೆಗೆದು ಒರೆಸಿ ಕಟ್ಟಿಬಿಡ್ತು. ನೀವು ಮತ್ತೆ ಒಳಗಿಟ್ರಿ. ಮತ್ತೆ ತೆಗೆದೆ. ತಣ್ಣಗಾಗಿರೋ ಬಾಟಲೀನ ಎಷ್ಟು ಸಲ ಒಳಗಿಡ್ತೀರಿ?"

ಅಳಿಯನಿಗೆ ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಹೋದ ಜೀವ ಬಂದಂತೆ. ನಗು ಕೂಡ ಬಂತು. "ಹಾಗಾದ್ರೆ ಮೂರೂ ಸಲ ನೀವೇನಾ? ಅಬ್ಬಾ! ಆ ಏಳು ಗಂಟು ಅದು ಹೇಗೆ ಬಿಚ್ಚಿ ಕಟ್ಟಿದ್ರಿ ಅತ್ತೆ?"

"ಯಾವ ಗಂಟು? ನಾನು ತೆಗೆದದ್ದು ಎರಡೇ ಸಲ. ಆಮೇಲೆ ಮಹಡಿ ಮೇಲಿದ್ದೆ, ಇವಳು ತಲೆ ಬಾಚ್ತಿದ್ಲು."

"ಹನ್ನೆರಡೂ ಐದರಿಂದ ಒಂದಕ್ಕೆ ಹತ್ತು ನಿಮಿಷ ಇರೋವರೆಗೆ," ಎಂದು ಹೆಂಡತಿ ನಮೂದಿಸಿದಳು.

ಅಳಿಯನ ನಗು ಬಾಯಲ್ಲೇ ಒಣಗಿತು. ಅತ್ತೆ ಅದನ್ನು ಗಮನಿಸಲೇ ಇಲ್ಲ. "ಇನ್ನೊಂದು ಬಾಟಲಿ ಇದೆಯಲ್ಲ. ಏಳಿ, ಫ್ರಿಜ್ಜಲ್ಲಿಡಿ. ನಿಧಾನವಾಗಿ ಊಟ ಮಾಡೋಣ, ಅರ್ಧ ಗಂಟೆ ಬಿಟ್ಟು ತೆಗೆದು ಬಡಿಸಿ. ಒಂದು ಸಲ ತಪ್ಪಿದ್ರೆ ಏನೂ ಆಗಲ್ಲ, ಈ ಕೆಲಸ ನಿಮ್ಮದೇ," ಎಂದರು. ಎಷ್ಟು ಅಕ್ಕರೆಯಿಂದ ಹೇಳಿದರೆಂದರೆ, ಹನ್ನೊಂದು ವರ್ಷ ಅವನು ಕಾದದ್ದೇ ಆ ಒಂದು ಮಾತಿಗೆ.

ಅಳಿಯ ಎದ್ದು ನಿಂತ. ಬಾಟಲಿ ಹಿಡಿದುಕೊಂಡ. ಊಟದ ಕೋಣೆಯ ಆಚೆ ಆ ಹಾದಿ ಕಪ್ಪಗೆ ಬಾಯಿ ತೆರೆದುಕೊಂಡಿತ್ತು. ಅಲ್ಲಿಂದ ತಣ್ಣನೆಯ ಗಾಳಿ ಬಂದು ಪಾದ ಮುಟ್ಟಿತು. ಅಳಿಯ ಒಂದು ಹೆಜ್ಜೆ ಮುಂದಿಟ್ಟು, ಎರಡು ಹೆಜ್ಜೆ ಹಿಂದಿಟ್ಟ.

"ಭಾವಾ," ಎಂದ, "ನೀವು ಮನೆಗೆ ಹಿರೀ ಮಗ. ಇದು ನಿಮಗೇ ಸೇರಬೇಕಾದ ಕೆಲಸ. ನೀವೇ ಇಟ್ಟು, ನೀವೇ ಬಡಿಸಿ."

ಭಾವನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಬಾಟಲಿ ಕಸಿದುಕೊಂಡು ಧಡಧಡನೆ ಹೋದ. "ಇದೇನ್ರೀ ಇಲ್ಲಿ ಹಗ್ಗ ಕಟ್ಟಿದೆ?" ಎಂದು ಒಳಗಿನಿಂದ ಕೂಗಿ, ಚಾಕುವಿನಿಂದ ಕತ್ತರಿಸಿ, ಬಾಟಲಿ ಇಟ್ಟು ಬಂದು ಕೂತ. ಊಟ ಸಾಗಿತು. ಭಾವ ತನ್ನ ರೈಲಿಗೆ ಅಡ್ಡ ಬಂದ ಎಮ್ಮೆಯ ಕಥೆ ಹೇಳಿದ. ಅತ್ತೆ ನಕ್ಕರು. ಹೆಂಡತಿ ಆ ಕಥೆಯಲ್ಲಿ ಕಳೆದ ಸಲ ಎಮ್ಮೆ ಎರಡಿದ್ದವೆಂದು ತಿದ್ದಿದಳು. ಅಳಿಯ ಮಾತ್ರ, ಯಾರಾದರೂ ಏಳುತ್ತಾರೋ ಎಂದು ಒಬ್ಬೊಬ್ಬರನ್ನೇ ನೋಡುತ್ತಾ ಕೂತಿದ್ದ.

"ಆಹಾ, ಟೈಮಿಗೆ ಸರಿಯಾಗಿ ತಂದಿಟ್ಟಿದೀಯಲ್ಲಮ್ಮ!" ಎಂದ ಭಾವ, ಕೈಗಡಿಯಾರ ನೋಡಿ ಹಿಂದಿನ ಕಪಾಟಿನತ್ತ ಕೈ ಚಾಚುತ್ತಾ.

"ನಾನೆಲ್ಲಿ ತಂದೆ? ಇವಳು ತಂದಿರಬೇಕು," ಎಂದರು ಅತ್ತೆ.

"ನೀನೇ ತಂದಿಟ್ಟೆ ಅಂದ್ಕೊಂಡೆನಲ್ಲಣ್ಣ," ಎಂದಳು ಹೆಂಡತಿ. ಬಾಯಾರಿದವರಿಗೆ ವಿಚಾರಣೆ ಬೇಕಿರಲಿಲ್ಲ. ಭಾವ ಬಡಿಸಿದ. ಅತ್ತೆ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನಿಂದ ನೀರಿಳಿಯಿತು.

"ಥೇಟ್ ಅವರ ಕೈ," ಎಂದರು. "ಇನ್ಮೇಲೆ ಈ ಕೆಲಸ ನಿಂದೇ ಕಣೋ. ಅಳಿಯಂದಿರು ಬೇಕಾದ್ರೆ ನೀರು ಬಡಿಸಲಿ."

ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. "ರೀ, ಬಾಯಿ ಬಿಡಿ! ಆರಿಸಿದ್ದು ನೀವು, ತಣ್ಣಗೆ ಮಾಡೋ ಯೋಚನೆ ನಿಮ್ದು. ಇನ್ನೊಂದು ಸಲ ನಾನೇ ಬಡಿಸ್ತೀನಿ ಅಂತ ಹೇಳಿ!"

ಭಾವ ಬಾಟಲಿ ಇಟ್ಟು ಬಂದು ಕೂತ ಮೇಲೆ ಆ ಮೇಜಿನಿಂದ ಯಾರೊಬ್ಬರೂ ಎದ್ದಿರಲಿಲ್ಲವೆಂದು ಆ ಕೋಣೆಯಲ್ಲಿ ತಿಳಿದಿದ್ದವನು ಅಳಿಯನೊಬ್ಬನೇ. ಅವನು ನೀರಿನ ಜಗ್ಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

"ಸುಮ್ನಿರೇ," ಎಂದ. "ನನಗೆ ನೀರಿನ ಕೆಲಸವೇ ಹಿತ. ಯಾರಿಗೆ ಬೇಕು, ಗ್ಲಾಸು ಮುಂದೆ ಮಾಡಿ."